ಮನೆಯೊಳಗಿನ ಆರೈಕೆ: ಅದರ ಗುಣಮಟ್ಟವನ್ನು ಅಳೆಯುವ ಬಗೆ

ತಮ್ಮ ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲಾಗದ ವಯಸ್ಕರಿಗೆ ಅವರ ಮನೆಯಲ್ಲಿಯೇ ನೆರವು ಒದಗಿಸುವ ವ್ಯವಸ್ಥೆಯನ್ನು ಮನೆ ಆರೈಕೆ ಎನ್ನುತ್ತಾರೆ. ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ಊಟ ಮಾಡಿಸುವುದು, ಶೌಚಕ್ಕೆ ಕರೆದೊಯ್ಯುವುದು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು, ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸಿ ಮಲಗಿಸುವುದು ಇವೆಲ್ಲ ಅದರಲ್ಲಿ ಸೇರುತ್ತವೆ. ಆಸ್ಪತ್ರೆಯ ವಾರ್ಡಿನಲ್ಲಿ ಇದೇ ಕೆಲಸಗಳನ್ನು ಒಬ್ಬ ದಾದಿ ಮಾಡುವಾಗ ಇನ್ನೊಬ್ಬ ದಾದಿ, ಸುತ್ತು ಬರುವ ವೈದ್ಯರು, ಪಕ್ಕದ ಹಾಸಿಗೆಯ ರೋಗಿ, ಅವರನ್ನು ನೋಡಲು ಬಂದ ನೆಂಟರು ಗಮನಿಸುತ್ತಿರುತ್ತಾರೆ. ಮನೆಯಲ್ಲಿ ಹಾಗಿಲ್ಲ, ಅಲ್ಲಿ ಬಹುಪಾಲು ಹೊತ್ತು ಇರುವುದು ಇಬ್ಬರೇ, ನೆರವು ಕೊಡುವವರು ಮತ್ತು ಪಡೆಯುವವರು. ಆ ಇಬ್ಬರಲ್ಲಿ ಒಬ್ಬರಿಗೆ ಮಾತು ತೊದಲುತ್ತಿರಬಹುದು, ನೆನಪು ಕೈಕೊಟ್ಟಿರಬಹುದು, ಅಥವಾ ಇನ್ನೊಬ್ಬರ ಮರ್ಜಿಯನ್ನು ಕಾಯದೆ ಗತಿಯಿಲ್ಲದಿರಬಹುದು. ಮನೆ ಆರೈಕೆಯ ಗುಣಮಟ್ಟವನ್ನು ಅಳೆಯುವುದು ಕಷ್ಟವಾಗುವುದಕ್ಕೆ ಮೂಲ ಕಾರಣ ಇದೇ.

ಆರೈಕೆ ಪಡೆಯುವ ಎಲ್ಲರೂ ಒಂದೇ ಮಟ್ಟದಲ್ಲಿ ಅಸಹಾಯಕರಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಕಾಲು ಮುರಿದು ಮೂರು ತಿಂಗಳು ಮಲಗಿರುವ, ಚುರುಕಾಗಿ ಮಾತನಾಡಬಲ್ಲ ವ್ಯಕ್ತಿ ತನಗಾದ ತೊಂದರೆಯನ್ನು ತಾನೇ ಹೇಳಿಕೊಳ್ಳಬಲ್ಲ. ಮರೆವಿನ ಕಾಯಿಲೆಯವರು, ಬೌದ್ಧಿಕ ಅಸಾಮರ್ಥ್ಯವಿರುವವರು, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರು, ಮನೆಯಲ್ಲಿ ಒಬ್ಬರೇ ಇರುವ ತೀರಾ ವಯಸ್ಸಾದವರು ತಮಗೆ ಕೇಡಾದರೂ, ಅಲಕ್ಷ್ಯವಾದರೂ ತಡೆಯಲಾರರು. ಎಷ್ಟೋ ಸಲ ಆದದ್ದನ್ನು ತಿಳಿಸಲೂ ಆರರು. ದುರ್ಬಲ ವಯಸ್ಕರು ಎಂದಾಗ ಮುಖ್ಯವಾಗಿ ಇವರನ್ನು ಗಮನದಲ್ಲಿಟ್ಟುಕೊಳ್ಳಬೇಕು. ಮೌಲ್ಯಮಾಪನದ ವಿಧಾನಗಳನ್ನು ರೂಪಿಸುವವರು ಮಾತ್ರ ಬಹಳ ಸಲ ಪ್ರಶ್ನಾವಳಿಗೆ ಸಲೀಸಾಗಿ ಉತ್ತರಿಸಬಲ್ಲವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವುಗಳನ್ನು ರೂಪಿಸುತ್ತಾರೆ.

ದೂರುಗಳಿಲ್ಲ ಎಂದಮಾತ್ರಕ್ಕೆ ಸೇವೆ ಚೆನ್ನಾಗಿದೆ ಎಂದು ತೀರ್ಮಾನಿಸುವಂತಿಲ್ಲ. ನಾಳೆ ಬೆಳಿಗ್ಗೆ ತನ್ನನ್ನು ಹಾಸಿಗೆಯಿಂದ ಎಬ್ಬಿಸಬೇಕಾದವರ ಬಗ್ಗೆ ಇಂದು ದೂರು ಹೇಳುವುದಕ್ಕೆ ಯಾರಿಗಾದರೂ ಅಳುಕು ಇದ್ದೇ ಇರುತ್ತದೆ. ಅದರ ಜೊತೆಗೆ ದಾಕ್ಷಿಣ್ಯವಿರುತ್ತದೆ, ಇನ್ನೊಬ್ಬರ ಹಂಗಿನಲ್ಲಿ ಇದ್ದೇನೆ ಎಂಬ ಸಂಕೋಚವಿರುತ್ತದೆ, ಇವರನ್ನೂ ಕಳೆದುಕೊಂಡರೆ ಬೇರೆ ಯಾರೂ ಬರಲಾರರು ಎಂಬ ಭಯವಿರುತ್ತದೆ. ಬರಬರುತ್ತಾ ನಿರೀಕ್ಷೆಯೇ ತಗ್ಗಿಹೋಗಿ, ವಾರಕ್ಕೊಮ್ಮೆ ಸ್ನಾನವಾದರೂ ಆಗುತ್ತಿದೆಯಲ್ಲ ಎಂಬ ಸಮಾಧಾನಕ್ಕೆ ಮನಸ್ಸು ಒಗ್ಗಿಕೊಳ್ಳುತ್ತದೆ. ‘ಸೇವೆ ನಿಮಗೆ ತೃಪ್ತಿ ತಂದಿದೆಯೇ’ ಎಂದು ಕೇಳುವ ಸಮೀಕ್ಷೆಗಳಲ್ಲಿ ಅಂಕಗಳು ಸಾಮಾನ್ಯವಾಗಿ ಎತ್ತರದಲ್ಲೇ ಇರುವುದಕ್ಕೆ ಇದು ದೊಡ್ಡ ಕಾರಣ. ಹಲವು ವರ್ಷಗಳಿಂದ ನೂರಾರು ಮನೆಗಳಿಗೆ ಸೇವೆ ಕೊಡುತ್ತಿರುವ ಸಂಸ್ಥೆಯ ದೂರು ಪುಸ್ತಕ ಖಾಲಿಯಾಗಿದ್ದರೆ, ಅಲ್ಲಿ ದೂರು ಕೊಡುವ ದಾರಿ ತೆರೆದಿದೆಯೇ ಎಂಬ ಅನುಮಾನ ಮೊದಲು ಹುಟ್ಟಬೇಕು. ಐದಾರು ದೂರುಗಳು ದಾಖಲಾಗಿ, ಪ್ರತಿಯೊಂದಕ್ಕೂ ಏನು ಕ್ರಮ ಕೈಗೊಳ್ಳಲಾಯಿತು ಎಂಬ ಬರಹವಿರುವ ಸಂಸ್ಥೆಯನ್ನು ನಾನು ಹೆಚ್ಚು ನಂಬುತ್ತೇನೆ.

ಹಾಗಾದರೆ ಅಳೆಯಬೇಕಾದದ್ದು ಏನನ್ನು? ವೈದ್ಯ ಅವೇದಿಸ್ ಡೊನಾಬೇಡಿಯನ್ 1966ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ವೈದ್ಯಕೀಯ ಸೇವೆಯ ಗುಣಮಟ್ಟವನ್ನು ಮೂರು ನೆಲೆಗಳಲ್ಲಿ ನೋಡುವ ಕ್ರಮವನ್ನು ಮುಂದಿಟ್ಟಿತು. ಇಂದಿಗೂ ಬಹುತೇಕ ಮೌಲ್ಯಮಾಪನಗಳು ಆ ಕ್ರಮದ ಮೇಲೆಯೇ ನಿಂತಿವೆ. ಮೊದಲನೆಯದು ವ್ಯವಸ್ಥೆ: ಸಿಬ್ಬಂದಿ ಎಷ್ಟು ಮಂದಿ, ಅವರ ತರಬೇತಿ ಏನು, ಸಲಕರಣೆಗಳಿವೆಯೇ, ಮೇಲ್ವಿಚಾರಣೆ ಯಾರದು. ಎರಡನೆಯದು ಪ್ರಕ್ರಿಯೆ: ಮಾಡಬೇಕಾದ ಕೆಲಸವನ್ನು ಮಾಡಬೇಕಾದ ರೀತಿಯಲ್ಲಿ, ಮಾಡಬೇಕಾದ ಹೊತ್ತಿಗೆ ಮಾಡಲಾಯಿತೇ. ಮೂರನೆಯದು ಫಲಿತಾಂಶ: ಇದರಿಂದ ಆ ವ್ಯಕ್ತಿಯ ದೇಹಸ್ಥಿತಿಯಲ್ಲಿ, ಬದುಕಿನಲ್ಲಿ ಏನಾಯಿತು. ವ್ಯವಸ್ಥೆಯನ್ನು ಅಳೆಯುವುದು ಸುಲಭ, ಏಕೆಂದರೆ ಪ್ರಮಾಣಪತ್ರಗಳನ್ನು ಎಣಿಸಿದರೆ ಸಾಕು. ಆದ್ದರಿಂದಲೇ ತಪಾಸಣೆಗಳು ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತವೆ. ಒಳ್ಳೆಯ ವ್ಯವಸ್ಥೆಯಿದ್ದರೆ ಒಳ್ಳೆಯ ಆರೈಕೆ ಸಾಧ್ಯವಾಗುತ್ತದೆಯೇ ಹೊರತು ಅದು ನಡೆದೇ ಇದೆ ಎಂಬುದಕ್ಕೆ ಆ ಪ್ರಮಾಣಪತ್ರಗಳು ಸಾಕ್ಷಿಯಾಗುವುದಿಲ್ಲ.

ಹಾಸಿಗೆ ಹುಣ್ಣಿನ ಉದಾಹರಣೆಯಲ್ಲಿ ಈ ಮೂರೂ ನೆಲೆಗಳು ಒಟ್ಟಿಗೆ ಕಾಣುತ್ತವೆ. ಹೊತ್ತುಹೊತ್ತಿಗೆ ಮಗ್ಗುಲು ಬದಲಿಸದೆ ಒಂದೇ ಭಂಗಿಯಲ್ಲಿ ಮಲಗಿಸಿದಾಗ, ಮೂಳೆ ಉಬ್ಬಿದ ಜಾಗಗಳಲ್ಲಿ, ಅಂದರೆ ಬೆನ್ನಿನ ಕೆಳತುದಿ, ಸೊಂಟದ ಪಕ್ಕ, ಹಿಮ್ಮಡಿಗಳಲ್ಲಿ ಚರ್ಮಕ್ಕೆ ರಕ್ತ ಸರಿಯಾಗಿ ಹರಿಯದೆ ಅಂಗಾಂಶ ಸಾಯತೊಡಗುತ್ತದೆ. ಬೆವರು ಅಥವಾ ಮೂತ್ರದ ತೇವ, ಪೌಷ್ಟಿಕಾಂಶದ ಕೊರತೆ, ಎಳೆದು ಸರಿಸುವಾಗಿನ ಉಜ್ಜಾಟ ಅದನ್ನು ಇನ್ನಷ್ಟು ಬೇಗ ಬರಿಸುತ್ತವೆ. 1987ರಲ್ಲಿ ಪ್ರಕಟವಾದ ಬ್ರೇಡನ್ ಮಾಪಕ ಈ ಅಪಾಯವನ್ನು ಮುಂಚಿತವಾಗಿಯೇ ಗುರುತಿಸಲು ಆರು ಅಂಶಗಳನ್ನು ನೋಡುತ್ತದೆ: ನೋವನ್ನು ಗ್ರಹಿಸುವ ಶಕ್ತಿ, ಚರ್ಮದ ತೇವ, ಓಡಾಟ, ಮಲಗಿದಲ್ಲೇ ಭಂಗಿ ಬದಲಿಸಿಕೊಳ್ಳುವ ಸಾಮರ್ಥ್ಯ, ಆಹಾರ, ಮತ್ತು ಉಜ್ಜಾಟ. ಒಟ್ಟು ಅಂಕ 6ರಿಂದ 23ರವರೆಗೆ ಬರಬಹುದು. ಸಾಮಾನ್ಯವಾಗಿ 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಾಯವಿದೆ ಎಂದು ಎಣಿಸುತ್ತಾರೆ. ಸರಿಯಾದ ಹಾಸಿಗೆಯೂ ಈ ಮಾಪಕ ಬಳಸಲು ಬಲ್ಲ ಸಿಬ್ಬಂದಿಯೂ ಇರುವುದು ವ್ಯವಸ್ಥೆ. ಮಗ್ಗುಲು ಬದಲಿಸಿದ್ದು, ಪ್ರತಿದಿನ ಚರ್ಮವನ್ನು ಪರೀಕ್ಷಿಸಿದ್ದು ಪ್ರಕ್ರಿಯೆ. ಹುಣ್ಣಾಗದೆ ಇದ್ದದ್ದು ಫಲಿತಾಂಶ. ಮೊದಲ ಹಂತದ ಹುಣ್ಣಿನಲ್ಲಿ ಚರ್ಮ ಒಡೆದಿರುವುದಿಲ್ಲ, ಬೆರಳಿನಿಂದ ಒತ್ತಿದರೂ ಮಾಸದ ಕೆಂಪು ಮಾತ್ರ ಇರುತ್ತದೆ. ಕಪ್ಪು ಅಥವಾ ಗಾಢ ಬಣ್ಣದ ಚರ್ಮದಲ್ಲಿ ಆ ಕೆಂಪು ಎದ್ದು ಕಾಣುವುದಿಲ್ಲವಾದ್ದರಿಂದ ಆ ಜಾಗ ಸುತ್ತಲಿಗಿಂತ ಬೆಚ್ಚಗಿದೆಯೇ, ಗಟ್ಟಿಯಾಗಿದೆಯೇ, ಮುಟ್ಟಿದರೆ ನೋಯುತ್ತದೆಯೇ ಎಂದು ಕೈಯಿಟ್ಟೇ ನೋಡಬೇಕಾಗುತ್ತದೆ. ಈ ಸೂಕ್ಷ್ಮ ಆರೈಕೆದಾರರಿಗೆ ಗೊತ್ತಿದೆಯೇ ಎಂದು ಕೇಳಿ ನೋಡಿದರೆ ಅವರಿಗೆ ಸಿಕ್ಕ ತರಬೇತಿ ಎಷ್ಟು ಆಳವಾದದ್ದು ಎಂಬುದು ತಿಳಿಯುತ್ತದೆ.

ಫಲಿತಾಂಶವನ್ನು ಅಳೆಯುವಾಗ ಒಂದು ದೊಡ್ಡ ತೊಡಕು ಎದುರಾಗುತ್ತದೆ. ವ್ಯಕ್ತಿ ತನ್ನ ಕೆಲಸಗಳನ್ನು ಎಷ್ಟರಮಟ್ಟಿಗೆ ತಾನೇ ಮಾಡಿಕೊಳ್ಳಬಲ್ಲ ಎಂಬುದನ್ನು ಗುರುತಿಸಲು ಹಳೆಯ, ನಂಬಬಹುದಾದ ಸಾಧನಗಳಿವೆ. 1963ರ ಕಾಟ್ಜ್ ಸೂಚ್ಯಂಕ ಸ್ನಾನ, ಉಡುಪು, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರ ನಿಯಂತ್ರಣ, ಊಟ ಎಂಬ ಆರನ್ನು ನೋಡುತ್ತದೆ; 1969ರಲ್ಲಿ ಲಾಟನ್ ಮತ್ತು ಬ್ರಾಡಿ ರೂಪಿಸಿದ ಮಾಪಕ ಹಣಕಾಸು, ಅಡುಗೆ, ಫೋನ್ ಬಳಕೆ, ಔಷಧಿ ಇಂಥ ಇನ್ನೂ ಜಟಿಲವಾದ ಕೆಲಸಗಳನ್ನು ನೋಡುತ್ತದೆ. ಆರು ತಿಂಗಳ ನಂತರ ಈ ಅಂಕಗಳು ಇಳಿದಿದ್ದರೆ ಆರೈಕೆ ಕಳಪೆಯಾಗಿತ್ತು ಎನ್ನಬಹುದೇ? ಖಂಡಿತ ಹಾಗೆನ್ನಲಾಗದು. ಮರೆವಿನ ಕಾಯಿಲೆ, ಪಾರ್ಕಿನ್ಸನ್ ಕಾಯಿಲೆಗಳಲ್ಲಿ ಎಷ್ಟೇ ಒಳ್ಳೆಯ ಆರೈಕೆಯಿದ್ದರೂ ಸಾಮರ್ಥ್ಯ ಕುಗ್ಗುತ್ತಲೇ ಹೋಗುತ್ತದೆ. ಅಲ್ಲಿ ಗುಣಮಟ್ಟವೆಂದರೆ ಆ ಕುಸಿತ ನಿಧಾನವಾಗುವುದು, ಅನವಶ್ಯಕ ನೋವಿಲ್ಲದಿರುವುದು, ಉಳಿದಿರುವ ಸಾಮರ್ಥ್ಯ ಬಳಕೆಯಲ್ಲಿರುವುದು. ಇದನ್ನು ಗಣನೆಗೆ ತೆಗೆದುಕೊಳ್ಳದೆ ಸಂಸ್ಥೆಗಳನ್ನು ಬರಿಯ ಅಂಕಗಳಿಂದ ಹೋಲಿಸಿದರೆ, ತೀವ್ರ ಸ್ಥಿತಿಯವರನ್ನು ನೋಡಿಕೊಳ್ಳುವ ಸಂಸ್ಥೆಯೇ ಕಳಪೆಯಾಗಿ ಕಾಣುತ್ತದೆ. ಮುಂದಿನ ವರ್ಷದಿಂದ ಅಂಥವರನ್ನು ಸೇರಿಸಿಕೊಳ್ಳಲು ಅದು ಹಿಂಜರಿಯುತ್ತದೆ. ಆದ್ದರಿಂದ ಹೋಲಿಕೆ ಮಾಡುವ ಮೊದಲು ಪ್ರತಿ ಸಂಸ್ಥೆಯ ಫಲಾನುಭವಿಗಳ ವಯಸ್ಸು, ಕಾಯಿಲೆ, ಆರಂಭದ ಸ್ಥಿತಿಗಳಿಗೆ ತಕ್ಕಂತೆ ಲೆಕ್ಕವನ್ನು ಸರಿದೂಗಿಸಬೇಕು.

ಬೀಳುವಿಕೆಯ ಲೆಕ್ಕ ಇದಕ್ಕಿಂತಲೂ ಮೋಸಗೊಳಿಸುವಂಥದ್ದು. ಒಬ್ಬರು ವರ್ಷದಲ್ಲಿ ಒಮ್ಮೆಯೂ ಬೀಳಲಿಲ್ಲ ಎಂಬುದು ಒಳ್ಳೆಯ ಸುದ್ದಿಯಂತೆ ಕಾಣುತ್ತದೆ. ಆದರೆ ಬೀಳಬಾರದೆಂಬ ಕಾರಣಕ್ಕೆ ಅವರನ್ನು ಕುರ್ಚಿಯಿಂದ ಏಳಲು ಬಿಡದೆ, ನಿದ್ದೆ ಬರಿಸುವ ಔಷಧಿ ಕೊಟ್ಟು, ನಡೆಯುವ ಅಭ್ಯಾಸವನ್ನೇ ತಪ್ಪಿಸಿದ್ದರೆ ಆ ಸೊನ್ನೆಗೆ ಅವರು ತೆತ್ತ ಬೆಲೆ ದೊಡ್ಡದು. ನಡೆಯುವುದನ್ನು ಬಿಟ್ಟ ಕಾಲುಗಳು ವಾರಗಳಲ್ಲಿ ಸೊರಗುತ್ತವೆ. ಬೌದ್ಧಿಕ ಅಸಾಮರ್ಥ್ಯ ಇರುವವರ ಬಗ್ಗೆ ಬರೆಯುತ್ತಾ ರಾಬರ್ಟ್ ಪರ್ಸ್ಕಿ 1972ರಲ್ಲಿ, ಮಿತವಾದ ಅಪಾಯವನ್ನು ಎದುರಿಸುವ ಅವಕಾಶ ಮನುಷ್ಯನ ಘನತೆಯ ಭಾಗವೇ ಎಂದು ವಾದಿಸಿದರು. ಅದಕ್ಕೇ ಬೀಳುವಿಕೆಯ ಸಂಖ್ಯೆಯ ಪಕ್ಕದಲ್ಲಿ ಆ ವ್ಯಕ್ತಿ ದಿನಕ್ಕೆ ಎಷ್ಟು ಹೊತ್ತು ಎದ್ದು ಓಡಾಡುತ್ತಾರೆ, ಹೊರಗೆ ಹೋಗುವುದುಂಟೇ ಎಂಬ ವಿವರವೂ ಇರಬೇಕು. ಒಂದಿಲ್ಲದೆ ಇನ್ನೊಂದನ್ನು ಓದಬಾರದು.

ತೂಕ, ನೀರು, ಔಷಧಿ ಇವು ಮೂರೂ ಸುಲಭವಾಗಿ ಪರಿಶೀಲಿಸಬಹುದಾದರೂ ಹೆಚ್ಚಾಗಿ ಬಿಟ್ಟುಹೋಗುವ ಸಂಗತಿಗಳು. ಪ್ರಯತ್ನಪಡದೆ ಒಂದು ತಿಂಗಳಲ್ಲಿ ದೇಹತೂಕದ 5 ಪ್ರತಿಶತ ಅಥವಾ ಆರು ತಿಂಗಳಲ್ಲಿ 10 ಪ್ರತಿಶತ ಇಳಿದಿದ್ದರೆ ಅದನ್ನು ಗಂಭೀರವಾಗಿ ಪರಿಗಣಿಸಬೇಕು. ಊಟ ಕೊಟ್ಟೆವು ಎಂಬ ದಾಖಲೆಗೂ ಊಟ ಹೊಟ್ಟೆಗೆ ಹೋಯಿತು ಎಂಬುದಕ್ಕೂ ನಡುವೆ ಬಹಳ ಅಂತರವಿದೆ. ಹಲ್ಲಿನ ನೋವು, ನುಂಗಲು ಕಷ್ಟ, ತಟ್ಟೆ ಕೈಗೆಟುಕದಿರುವುದು, ತಿನ್ನಿಸುವವರ ಅವಸರ ಇವುಗಳಲ್ಲಿ ಯಾವುದೋ ಒಂದು ಅಡ್ಡ ಬಂದಿರಬಹುದು. ಔಷಧಿಯ ವಿಷಯದಲ್ಲಿ ಮಾತ್ರೆಗಳ ಪಟ್ಟಿಯನ್ನೂ ಡಬ್ಬಿಯಲ್ಲಿ ಉಳಿದ ಮಾತ್ರೆಗಳನ್ನೂ ತಾಳೆ ನೋಡುವುದು ಅತ್ಯಂತ ಸರಳವಾದ, ಅತ್ಯಂತ ಪ್ರಾಮಾಣಿಕವಾದ ಪರೀಕ್ಷೆ.

ಇನ್ನು ಸಮಯದ ಮಾತು. ಆರೈಕೆದಾರರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂಬುದನ್ನು ಫೋನ್ ಅಥವಾ ಜಿಪಿಎಸ್ ಮೂಲಕ ದಾಖಲಿಸುವ ವ್ಯವಸ್ಥೆಗಳು ಹಲವು ದೇಶಗಳಲ್ಲಿ ಬಂದಿವೆ. ಅಮೆರಿಕದಲ್ಲಿ 2016ರ ಕಾಯಿದೆಯೊಂದು ಮೆಡಿಕೇಡ್ ಎಂಬ, ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆಯ ಹಣದಲ್ಲಿ ನಡೆಯುವ ಮನೆ ಆರೈಕೆಗೆ ಇದನ್ನು ಕಡ್ಡಾಯ ಮಾಡಿತು. ಬಾರದೆಯೇ ಬಂದೆವೆಂದು ಬರೆದುಕೊಳ್ಳುವುದನ್ನು ಇದು ತಡೆಯಬಲ್ಲದು. ಬಂದವರು ಒಳಗೆ ಏನು ಮಾಡಿದರು ಎಂಬುದನ್ನು ಹೇಳಲಾರದು. ಭೇಟಿಯ ಅವಧಿ ಸಾಕಷ್ಟಿದೆಯೇ ಎಂಬುದೇ ಬೇರೆ ಪ್ರಶ್ನೆ. ನಿಧಾನವಾಗಿ ಚಲಿಸುವ ಒಬ್ಬರನ್ನು ಎಬ್ಬಿಸಿ, ಶೌಚಕ್ಕೆ ಕರೆದೊಯ್ದು, ಮೈ ಒರೆಸಿ, ಬಟ್ಟೆ ಬದಲಿಸಿ, ತಿಂಡಿ ತಿನ್ನಿಸಿ, ಮಾತ್ರೆ ಕೊಡುವ ಕೆಲಸವನ್ನು ಹದಿನೈದು ನಿಮಿಷಗಳಲ್ಲಿ ಮುಗಿಸಬೇಕಾದರೆ ಏನನ್ನಾದರೂ ಬಿಡಲೇಬೇಕಾಗುತ್ತದೆ, ಮತ್ತು ಮೊದಲು ಬಿಟ್ಟುಹೋಗುವುದು ಮಾತುಕತೆ. ಇಂಗ್ಲೆಂಡಿನಲ್ಲಿ ನೈಸ್ ಎಂಬ ರಾಷ್ಟ್ರೀಯ ಸಂಸ್ಥೆ ವಯಸ್ಸಾದವರ ಮನೆ ಆರೈಕೆಯ ಬಗ್ಗೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ, ಅರ್ಧ ಗಂಟೆಗಿಂತ ಚಿಕ್ಕ ಭೇಟಿಗಳನ್ನು ಕೆಲವು ಷರತ್ತುಗಳ ಮೇಲೆ ಮಾತ್ರ ಇಟ್ಟುಕೊಳ್ಳಬೇಕು ಎಂದಿತು: ಬರುವವರು ಆ ವ್ಯಕ್ತಿಗೆ ಪರಿಚಿತರಾಗಿರಬೇಕು, ಆ ಭೇಟಿ ದೊಡ್ಡ ಆರೈಕೆ ಯೋಜನೆಯ ಒಂದು ಭಾಗವಾಗಿರಬೇಕು, ಮಾಡಬೇಕಾದ ಕೆಲಸ ನಿರ್ದಿಷ್ಟವೂ ಆ ಸಮಯದಲ್ಲಿ ಮುಗಿಯುವಂಥದ್ದೂ ಆಗಿರಬೇಕು.

ಬರುವವರು ಪರಿಚಿತರಾಗಿರಬೇಕೆಂಬ ಆ ಷರತ್ತಿನಲ್ಲಿ ಬಹಳ ತಿಳಿವಳಿಕೆಯಿದೆ. ಕಳೆದ ಎರಡು ವಾರಗಳಲ್ಲಿ ಈ ಮನೆಗೆ ಎಷ್ಟು ಮಂದಿ ಬೇರೆಬೇರೆ ಆರೈಕೆದಾರರು ಬಂದರು ಎಂಬ ಒಂದೇ ಪ್ರಶ್ನೆ, ನನ್ನ ದೃಷ್ಟಿಯಲ್ಲಿ, ಹತ್ತು ಪುಟಗಳ ಪ್ರಶ್ನಾವಳಿಗಿಂತ ಹೆಚ್ಚು ಹೇಳುತ್ತದೆ. ದಿನಾ ಬರುವವರಿಗೆ ನಿನ್ನೆಯ ಹಿಮ್ಮಡಿ ಹೇಗಿತ್ತು, ಇಂದು ಹೇಗಿದೆ ಎಂಬುದು ತಿಳಿಯುತ್ತದೆ; ನಿನ್ನೆ ಚೆನ್ನಾಗಿ ಮಾತನಾಡಿದವರು ಇಂದು ಮಂಕಾಗಿದ್ದರೆ ಅದು ಮೂತ್ರನಾಳದ ಸೋಂಕಿನ ಲಕ್ಷಣವಿರಬಹುದು ಎಂಬ ಅನುಮಾನ ಅವರಿಗೆ ಬರುತ್ತದೆ. ಪ್ರತಿದಿನ ಹೊಸಬರ ಎದುರು ಬಟ್ಟೆ ಬಿಚ್ಚಬೇಕಾದ ಮುಜುಗರವನ್ನು ಯಾವ ಅಂಕವೂ ದಾಖಲಿಸುವುದಿಲ್ಲ. ಮುಖಗಳು ಪದೇ ಪದೇ ಬದಲಾಗುತ್ತಿದ್ದರೆ ಅದರ ಕಾರಣ ಸಾಮಾನ್ಯವಾಗಿ ಸಂಬಳದಲ್ಲಿ, ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ಸಮಯಕ್ಕೆ ಕೂಲಿಯಿಲ್ಲದಿರುವುದರಲ್ಲಿ, ಕೆಲಸದ ಒತ್ತಡದಲ್ಲಿ ಸಿಗುತ್ತದೆ. ಹಾಗಾಗಿ ಮೌಲ್ಯಮಾಪಕರು ಆರೈಕೆದಾರರನ್ನೂ ಅವರ ಮೇಲಧಿಕಾರಿಗಳಿಲ್ಲದಾಗ ಮಾತನಾಡಿಸಬೇಕು. ಒಳ್ಳೆಯ ಕೆಲಸಗಾರರಿಗೆ ತಾವು ಮಾಡಲಾಗದೆ ಬಿಟ್ಟುಬಂದ ಕೆಲಸಗಳ ನೋವು ಇರುತ್ತದೆ, ಕೇಳುವವರಿದ್ದರೆ ಅವರು ಹೇಳುತ್ತಾರೆ.

ದಿನಚರಿಯ ಪುಸ್ತಕವನ್ನು ಓದುವುದಕ್ಕೂ ಒಂದು ಕ್ರಮವಿದೆ. ‘ಸ್ನಾನ ಆಯಿತು, ಊಟ ಆಯಿತು, ಎಲ್ಲ ಚೆನ್ನಾಗಿದೆ’ ಎಂಬ ಒಂದೇ ಸಾಲು ನಲವತ್ತು ದಿನ ಹಾಗೆಯೇ ಬಂದಿದ್ದರೆ ಆ ಬರಹ ಆ ವ್ಯಕ್ತಿಯನ್ನು ನೋಡಿ ಬರೆದದ್ದಲ್ಲ. ಆರೈಕೆ ಯೋಜನೆ ಎಂದು ಬರೆದಿಟ್ಟದ್ದರಲ್ಲಿ ಆ ವ್ಯಕ್ತಿಗೆ ಮಾತ್ರ ಹೊಂದುವ ಸಂಗತಿಗಳು ಎಷ್ಟಿವೆ ಎಂದು ನೋಡಬೇಕು: ಎಡಗಿವಿ ಕೇಳುವುದಿಲ್ಲ, ಬಲಗಡೆ ನಿಂತು ಮಾತನಾಡಬೇಕು, ರಾತ್ರಿ ದೀಪ ಪೂರ್ತಿ ಆರಿಸಿದರೆ ಹೆದರುತ್ತಾರೆ. ಹೆಸರು ಬದಲಿಸಿದರೆ ಯಾರಿಗಾದರೂ ಒಪ್ಪುವಂತಿರುವ ಯೋಜನೆ ಯಾರಿಗೂ ಉಪಯೋಗವಿಲ್ಲ. ಆಸ್ಪತ್ರೆಯಿಂದ ಹಿಂತಿರುಗಿದ ಮೇಲೆ ಅದನ್ನು ತಿದ್ದಲಾಗಿದೆಯೇ ಎಂಬುದನ್ನೂ ದಿನಾಂಕ ನೋಡಿ ತಿಳಿಯಬಹುದು.

ಇಷ್ಟಾದರೂ ಮುಖ್ಯ ಸಾಕ್ಷಿ ಆರೈಕೆ ಪಡೆಯುವವರೇ. ಕೆಂಟ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಆಸ್ಕಾಟ್ ಎಂಬ ಸಾಧನ ಅವರ ಬದುಕನ್ನು ಎಂಟು ಮುಖಗಳಲ್ಲಿ ವಿಚಾರಿಸುತ್ತದೆ: ದಿನದ ಬದುಕಿನ ಮೇಲೆ ತಮ್ಮ ಹಿಡಿತ, ಮೈಯ ಶುಚಿ ಮತ್ತು ನೆಮ್ಮದಿ, ಊಟ ನೀರು, ಸುರಕ್ಷತೆ, ಜನರ ಒಡನಾಟ, ಹೊತ್ತು ಕಳೆಯುವ ಬಗೆ, ಮನೆಯ ಸ್ವಚ್ಛತೆ, ಮತ್ತು ಘನತೆ. ಈ ಕೊನೆಯದರಲ್ಲಿ, ನೆರವು ಪಡೆಯುವ ರೀತಿಯಿಂದ ತಮ್ಮ ಬಗ್ಗೆ ತಮಗೆ ಏನನ್ನಿಸುತ್ತದೆ ಎಂದು ಕೇಳುತ್ತಾರೆ. ಈ ಸೇವೆ ಇಲ್ಲದೆ ಹೋಗಿದ್ದರೆ ನಿಮ್ಮ ಸ್ಥಿತಿ ಹೇಗಿರುತ್ತಿತ್ತು ಎಂದೂ ಕೇಳಿ, ಆ ಎರಡರ ನಡುವಿನ ವ್ಯತ್ಯಾಸವನ್ನು ಸೇವೆಯ ಫಲವೆಂದು ಎಣಿಸುವುದು ಇದರ ವೈಶಿಷ್ಟ್ಯ. ತೃಪ್ತಿಯ ಪ್ರಶ್ನೆಗೆ ದಾಕ್ಷಿಣ್ಯದಿಂದ ‘ಹೂಂ’ ಎನ್ನುವವರು ‘ನಿನ್ನೆ ನೀವು ಎದ್ದದ್ದು ನಿಮಗೆ ಬೇಕಾದ ಹೊತ್ತಿಗೋ, ಅವರು ಬಂದ ಹೊತ್ತಿಗೋ’ ಎಂಬ ಪ್ರಶ್ನೆಗೆ ನಡೆದದ್ದನ್ನೇ ಹೇಳುತ್ತಾರೆ. ಈ ಮಾತುಕತೆಯ ಹೊತ್ತಿನಲ್ಲಿ ಆರೈಕೆದಾರರು ಆ ಕೋಣೆಯಲ್ಲಿ ಇರಬಾರದು. ಕೆಲವೊಮ್ಮೆ ಮನೆಯವರೂ ಇರಬಾರದು.

ಮಾತು ಬಾರದವರ ಪರವಾಗಿ ಮನೆಯವರನ್ನು ಕೇಳುವುದು ರೂಢಿ. ಅದು ಬೇಕಾದದ್ದೇ, ಆದರೆ ಮರೆವಿನ ಕಾಯಿಲೆಯವರು ತಮ್ಮ ಬದುಕಿಗೆ ಕೊಡುವ ಅಂಕಕ್ಕಿಂತ ಅವರ ಮನೆಯವರು ಕೊಡುವ ಅಂಕ ಕಡಿಮೆ ಇರುತ್ತದೆ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಕಾಯಿಲೆ ತಮಗೆ ಕೊಟ್ಟ ಸಂಕಟದ ಕಣ್ಣಿನಿಂದಲೇ ಮನೆಯವರು ಅದನ್ನು ನೋಡುತ್ತಾರೆ. ಕಾಯಿಲೆ ಬಹಳ ಮುಂದುವರಿಯದ ಹಂತದಲ್ಲಿ, ಚಿಕ್ಕ ವಾಕ್ಯಗಳಲ್ಲಿ, ಬೆಳಗಿನ ಚುರುಕಾದ ಹೊತ್ತಿನಲ್ಲಿ, ಚಿತ್ರಗಳನ್ನು ತೋರಿಸಿ ಕೇಳಿದರೆ ಅವರಲ್ಲಿ ಅನೇಕರು ತಾವೇ ಉತ್ತರಿಸಬಲ್ಲರು. ಅದೂ ಆಗದಿದ್ದಾಗ ದೇಹವನ್ನೇ ಗಮನಿಸಬೇಕು: ಆರೈಕೆದಾರರು ಹತ್ತಿರ ಬಂದಾಗ ಕೈ ಬಿಗಿಯುತ್ತದೆಯೇ, ಮುಖ ಅರಳುತ್ತದೆಯೇ, ಮುಟ್ಟುವ ಮೊದಲು ಅವರು ಹೆಸರಿಡಿದು ಕರೆದು ‘ಈಗ ಎಬ್ಬಿಸುತ್ತೇನೆ’ ಎಂದು ಹೇಳುತ್ತಾರೆಯೇ. ಮನೆಯವರ ಬಳಲಿಕೆಯೂ ಫಲಿತಾಂಶದ ಭಾಗವೇ ಆದ್ದರಿಂದ, 1980ರಿಂದ ಬಳಕೆಯಲ್ಲಿರುವ ಜಾರಿಟ್ ಪ್ರಶ್ನಾವಳಿಯಂಥದ್ದರಿಂದ ಅದನ್ನು ಪ್ರತ್ಯೇಕವಾಗಿ ಅಳೆಯುವುದು ಒಳ್ಳೆಯದು. ಎರಡನ್ನೂ ಕಲಸಿದರೆ ಯಾವುದೂ ತಿಳಿಯುವುದಿಲ್ಲ.

ದೌರ್ಜನ್ಯದ ವಿಷಯವನ್ನು ಗುಣಮಟ್ಟದ ಪಟ್ಟಿಯಲ್ಲಿ ಒಂದು ಅಂಶವಾಗಿ ಸೇರಿಸಿ ಸರಾಸರಿ ತೆಗೆಯಬಾರದು. 60 ವರ್ಷ ದಾಟಿದವರಲ್ಲಿ ಸುಮಾರು ಆರರಲ್ಲಿ ಒಬ್ಬರು, ಆರೈಕೆ ಕೇಂದ್ರಗಳಲ್ಲಿ ಅಲ್ಲದೆ ಸಮುದಾಯದ ನಡುವೆ ಬದುಕುತ್ತಿರುವಾಗಲೇ, ಒಂದು ವರ್ಷದಲ್ಲಿ ಯಾವುದಾದರೊಂದು ಬಗೆಯ ದೌರ್ಜನ್ಯಕ್ಕೆ ಗುರಿಯಾಗುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅದನ್ನು ಎಸಗುವವರು ಮನೆಯವರೂ ಆಗಿರಬಹುದು. ಹೊಡೆತ ಮಾತ್ರವೇ ದೌರ್ಜನ್ಯವಲ್ಲ; ಗದರಿಸುವುದು, ಹಣ ದೋಚುವುದು, ಕರೆದರೂ ಬಾರದಿರುವುದು, ಒದ್ದೆ ಬಟ್ಟೆಯಲ್ಲೇ ಗಂಟೆಗಟ್ಟಲೆ ಬಿಡುವುದು ಎಲ್ಲವೂ ಅದೇ. ತೋಳಿನ ಒಳಭಾಗದಲ್ಲಿ ಬೆರಳಚ್ಚಿನಂಥ ಕಲೆ, ಪ್ರತಿ ಸಲ ಬೇರೆಯಾಗುವ ವಿವರಣೆ, ಇದ್ದಕ್ಕಿದ್ದಂತೆ ಬದಲಾದ ಬ್ಯಾಂಕ್ ವ್ಯವಹಾರ ಕಂಡರೆ ಮೌಲ್ಯಮಾಪನವನ್ನು ಅಲ್ಲಿಗೇ ನಿಲ್ಲಿಸಿ ರಕ್ಷಣೆಯ ಕ್ರಮ ಆರಂಭಿಸಬೇಕು. ಉಳಿದ ಎಲ್ಲದರಲ್ಲೂ ಉತ್ತಮ ಅಂಕ ಬಂದಿದೆ ಎಂಬುದು ಆಗ ಲೆಕ್ಕಕ್ಕೆ ಬರುವುದಿಲ್ಲ.

ಸರ್ಕಾರಿ ಶ್ರೇಣಿಗಳನ್ನು ನೋಡಿ ಸಂಸ್ಥೆಯನ್ನು ಆರಿಸುವವರು ಆ ಶ್ರೇಣಿ ಯಾವುದನ್ನು ಅಳೆದಿದೆ ಎಂದು ತಿಳಿದುಕೊಳ್ಳಬೇಕು. ಇಂಗ್ಲೆಂಡಿನ ಆರೈಕೆ ಗುಣಮಟ್ಟ ಆಯೋಗ ಐದು ಪ್ರಶ್ನೆಗಳನ್ನು ಕೇಳುತ್ತದೆ: ಸೇವೆ ಸುರಕ್ಷಿತವೇ, ಪರಿಣಾಮಕಾರಿಯೇ, ಅಕ್ಕರೆಯಿಂದ ಕೂಡಿದೆಯೇ, ಜನರ ಅಗತ್ಯಕ್ಕೆ ಸ್ಪಂದಿಸುತ್ತದೆಯೇ, ಆಡಳಿತ ಚೆನ್ನಾಗಿದೆಯೇ. ಉತ್ತರಗಳನ್ನು ನಾಲ್ಕು ಶ್ರೇಣಿಗಳಲ್ಲಿ ಪ್ರಕಟಿಸುತ್ತದೆ. ಅಂಥ ವರದಿಯಲ್ಲಿ ಶ್ರೇಣಿಗಿಂತ ಮೊದಲು ತಪಾಸಣೆಯ ದಿನಾಂಕ ನೋಡಬೇಕು. ವರ್ಷಗಳ ಹಿಂದಿನ ತಪಾಸಣೆಯಾಗಿದ್ದರೆ ಆಗಿನ ವ್ಯವಸ್ಥಾಪಕರೂ ಸಿಬ್ಬಂದಿಯೂ ಈಗ ಇಲ್ಲದಿರಬಹುದು. ಅಮೆರಿಕದಲ್ಲಿ ಮೆಡಿಕೇರ್ ಎಂಬ, ಮುಖ್ಯವಾಗಿ ವಯಸ್ಸಾದವರಿಗಿರುವ ಸರ್ಕಾರಿ ಆರೋಗ್ಯ ವಿಮೆಯ ಮಾನ್ಯತೆಯಿರುವ ಮನೆ ಆರೋಗ್ಯ ಸಂಸ್ಥೆಗಳಿಗೆ ನಕ್ಷತ್ರಗಳ ಶ್ರೇಣಿಯಿದೆ. ಅದರ ಒಂದು ಭಾಗ ರೋಗಿಗಳ ಸಮೀಕ್ಷೆಯಿಂದ ಬರುತ್ತದೆ. ಇನ್ನೊಂದು ಭಾಗಕ್ಕೆ ಆಧಾರವಾಗುವ ಮಾಹಿತಿಯಲ್ಲಿ ದೊಡ್ಡ ಪಾಲನ್ನು ಸಂಸ್ಥೆಯ ಸಿಬ್ಬಂದಿಯೇ ತುಂಬುತ್ತಾರೆ. ರೋಗಿ ನಡೆಯುವುದರಲ್ಲಿ ಎಷ್ಟು ಸುಧಾರಿಸಿದರು ಎಂದು ತೀರ್ಮಾನಿಸುವವರು ಆ ಸುಧಾರಣೆಯಿಂದ ಹೆಸರು ಪಡೆಯುವವರೇ ಆಗಿರುವಾಗ, ಎರಡೂ ಭಾಗಗಳನ್ನು ಅಕ್ಕಪಕ್ಕ ಇಟ್ಟು ಓದುವುದು ಜಾಣತನ. ಮೇಲಾಗಿ ಆ ನಕ್ಷತ್ರಗಳು ದಾದಿಯರೂ ಚಿಕಿತ್ಸಕರೂ ಕೊಡುವ ವೈದ್ಯಕೀಯ ಸೇವೆಯ ಬಗ್ಗೆ ಹೇಳುತ್ತವೆ. ಸ್ನಾನ, ಊಟ, ಒಡನಾಟಕ್ಕೆಂದು ಮಾತ್ರ ಬರುವ ಸಂಸ್ಥೆಗಳ ಬಗ್ಗೆ ಅವುಗಳಿಂದ ಏನೂ ತಿಳಿಯುವುದಿಲ್ಲ.

ಮೌಲ್ಯಮಾಪನ ಒಂದೇ ಸಲ ನಡೆದರೆ ಸಾಲದು. ಆರಂಭದ ಸ್ಥಿತಿಯನ್ನು ಮೊದಲ ವಾರದಲ್ಲೇ ದಾಖಲಿಸಬೇಕು, ಇಲ್ಲವಾದರೆ ಮುಂದೆ ಯಾವುದರೊಂದಿಗೆ ಹೋಲಿಸುವುದು? ಅಲ್ಲಿಂದ ಕೆಲವು ವಾರಗಳ ನಂತರ ಒಮ್ಮೆ, ಆಮೇಲೆ ನಿಗದಿತ ಅಂತರದಲ್ಲಿ, ಮತ್ತು ಪ್ರತಿ ಬೀಳುವಿಕೆ, ಆಸ್ಪತ್ರೆ ದಾಖಲಾತಿ, ಆರೈಕೆದಾರರ ಬದಲಾವಣೆಯ ನಂತರ ಮತ್ತೆ ನೋಡಬೇಕು. ಕೆಲವು ಭೇಟಿಗಳು ಮುನ್ಸೂಚನೆಯಿಲ್ಲದೆ, ಸಂಜೆ ಅಥವಾ ರಜೆಯ ದಿನಗಳಲ್ಲಿ ನಡೆಯಬೇಕು. ಸಿಬ್ಬಂದಿ ಕಡಿಮೆಯಿರುವುದು ಆಗಲೇ. ಅದು ಯಾರದೋ ಮನೆ, ಕಚೇರಿಯಲ್ಲ ಎಂಬುದನ್ನು ನೆನಪಿಟ್ಟುಕೊಂಡು ಒಳಗೆ ಬರಲು ಆ ವ್ಯಕ್ತಿಯ ಒಪ್ಪಿಗೆ ಕೇಳಬೇಕು. ಕಂಡುಕೊಂಡದ್ದನ್ನು ಸಂಸ್ಥೆಗೂ ಇಲಾಖೆಗೂ ಕಳಿಸುವ ಜೊತೆಗೆ ಉತ್ತರಿಸಿದ ವ್ಯಕ್ತಿಗೂ ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು: ನೀವು ಹೇಳಿದ್ದರಲ್ಲಿ ಇದು ಬದಲಾಗುತ್ತದೆ, ಇದು ಸದ್ಯಕ್ಕೆ ಆಗುವುದಿಲ್ಲ, ಕಾರಣ ಹೀಗಿದೆ ಎಂದು. ದೂರು ಹೇಳಿದ ಮನೆಗೆ ಒಂದು ತಿಂಗಳೊಳಗೆ ಮತ್ತೆ ಹೋಗಿ, ಹಾಗೆ ಹೇಳಿದ್ದರಿಂದ ಭೇಟಿಗಳು ಕಡಿಮೆಯಾಗಿವೆಯೇ, ಆರೈಕೆದಾರರ ಮಾತಿನ ಧಾಟಿ ಒರಟಾಗಿದೆಯೇ ಎಂದು ಅವರೊಬ್ಬರನ್ನೇ ಕೂರಿಸಿಕೊಂಡು ವಿಚಾರಿಸುವುದನ್ನು ಮೌಲ್ಯಮಾಪನದ ಕಡ್ಡಾಯ ಹಂತವಾಗಿ ಬರೆದಿಡಬೇಕು.